ಸಾಕುಪ್ರಾಣಿ ಪ್ರಶ್ನೋತ್ತರ: ಮಳೆಗಾಲದಲ್ಲಿ ಮೊಲಕ್ಕೆ ಹುಳ ಬೀಳದಂತೆ

ಪ್ರಶ್ನೆ: ಮಗಳಿಗಾಗಿ ತಂದ ನಮ್ಮ ಬಿಳಿ ಮೊಲಕ್ಕೆ ಈಗ ಐದು ವರ್ಷ. ಆರಿದ್ರಾ ಮಳೆ ಹಿಡಿದ ವಾರದಲ್ಲಿ ಅದು ಒಂದು ದಿನ ಮೂಲೆ ಹಿಡಿದು ಕುಳಿತಿತು, ಹುಲ್ಲು ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಎತ್ತಿ ನೋಡಿದರೆ ಬಾಲದ ಕೆಳಗಿನ ಕೂದಲಿನಲ್ಲಿ ಹುಳಗಳು ಹರಿದಾಡುತ್ತಿದ್ದವು. ಪಶುವೈದ್ಯರು ಹುಳ ತೆಗೆದು ಚುಚ್ಚುಮದ್ದು ಕೊಟ್ಟ ಮೇಲೆ ಮೊಲ ಬದುಕಿಕೊಂಡಿತು. ಗಾಯವೇ ಇಲ್ಲದ ಪ್ರಾಣಿಗೆ ಹುಳ ಬೀಳುವುದು ಹೇಗೆ? ಗೂಡನ್ನು ನಾವು ಪ್ರತಿದಿನ ತೊಳೆಯುತ್ತೇವೆ. ಇನ್ನು ಮುಂದೆ ವಾರಕ್ಕೊಮ್ಮೆ ಮೊಲಕ್ಕೆ ಸ್ನಾನ ಮಾಡಿಸಿದರೆ ಸಾಕೇ?
– ಓದುಗರೊಬ್ಬರು, ಕುಮಟಾ

ಉತ್ತರ: ದನಕರುಗಳ ಗಾಯಕ್ಕೆ ಹುಳ ಬೀಳುವುದನ್ನು ನೋಡುತ್ತ ಬೆಳೆದ ನಮಗೆ ಮೊದಲು ಗಾಯ, ಆಮೇಲೆ ಹುಳ ಎಂಬ ಕ್ರಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಮೊಲದ ವಿಷಯದಲ್ಲಿ ಈ ಕ್ರಮ ಅನೇಕ ಸಲ ತಿರುವುಮುರುವಾಗುತ್ತದೆ. ಮೂತ್ರದಿಂದ ಒದ್ದೆಯಾದ ಅಥವಾ ಹಿಕ್ಕೆ ಮೆತ್ತಿಕೊಂಡ ಕೂದಲಿನ ವಾಸನೆಗೆ ಹಸಿರಾಗಿ ಮಿನುಗುವ ನೊಣ ಬಂದು ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಹುಳಗಳು ನೆನೆದು ಮೆತ್ತಗಾದ ಚರ್ಮವನ್ನು ತಿನ್ನುತ್ತ ಗಾಯವನ್ನು ತಾವೇ ಮಾಡಿಕೊಳ್ಳುತ್ತವೆ. ಒಂದು ನೊಣ ಒಂದೇ ಸಲಕ್ಕೆ ಸುಮಾರು 200 ಮೊಟ್ಟೆಗಳವರೆಗೆ ಇಡಬಲ್ಲುದು, ಮತ್ತು ನಮ್ಮ ಕರಾವಳಿಯ ಬೆಚ್ಚಗಿನ ತೇವದಲ್ಲಿ ಅವು ಒಂದು ದಿನದೊಳಗೆ ಒಡೆಯುತ್ತವೆ. ಮೊಲ ಮೂಲೆ ಹಿಡಿದು ಕುಳಿತ ದಿನವೇ ಹುಳಗಳು ಕೆಲಸ ಆರಂಭಿಸಿದ್ದಿರಬೇಕು. ಇದಲ್ಲದೆ ಭಾರತದಲ್ಲಿ ಕ್ರೈಸೋಮಿಯಾ ಬೆಜಿಯಾನಾ ಎಂಬ ಇನ್ನೊಂದು ನೊಣವಿದೆ. ಅದು ಜೀವಂತ ಪ್ರಾಣಿಯ ಗಾಯದ ಅಂಚಿನಲ್ಲೇ ಮೊಟ್ಟೆಯಿಡುತ್ತದೆ ಮತ್ತು ಅದರ ಹುಳಗಳು ತಲೆ ಕೆಳಗಾಗಿ ಮಾಂಸದೊಳಕ್ಕೆ ಕೊರೆದುಕೊಂಡು ಹೋಗುತ್ತವೆ. ಕಿತ್ತಾಡಿಕೊಂಡ ಮೊಲಗಳ ಸಣ್ಣ ಪರಚು ಗಾಯವೂ ಅದಕ್ಕೆ ಸಾಕಾಗುತ್ತದೆ.

ಆದರೆ ನೊಣವನ್ನು ದೂರುವ ಮೊದಲು ಮೊಲದ ಹಿಂಭಾಗ ಏಕೆ ಕೊಳೆಯಾಯಿತೆಂದು ಕೇಳಿಕೊಳ್ಳಬೇಕು. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು ನಾವು ಗುಡಿಸಿ ತೆಗೆಯುವ ಗಟ್ಟಿ ಗುಂಡು. ಇನ್ನೊಂದು ಮೆತ್ತಗಿನ, ಗೊಂಚಲಿನಂಥ ಹಿಕ್ಕೆ. ಅದನ್ನು ಮೊಲ ಬಾಗಿ ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ, ಏಕೆಂದರೆ ದೇಹಕ್ಕೆ ಬೇಕಾದ ಕೆಲವು ಜೀವಸತ್ವಗಳು ಅದಕ್ಕೆ ಸಿಗುವುದು ಅದರಿಂದಲೇ. ಇದನ್ನು ಕಂಡು ಅಸಹ್ಯಪಟ್ಟು ಮೊಲವನ್ನು ಗದರಿಸುವವರಿದ್ದಾರೆ, ಗದರಿಸಬೇಕಾಗಿಲ್ಲ. ಮೊಲ ಹೀಗೆ ಬಾಗಲಾರದೆ ಹೋದಾಗ, ಎಂದರೆ ಬೊಜ್ಜು ಬೆಳೆದಾಗ, ವಯಸ್ಸಾಗಿ ಬೆನ್ನು ಅಥವಾ ಕೀಲು ನೋಯುವಾಗ, ಇಲ್ಲವೇ ಜೀವನವಿಡೀ ಬೆಳೆಯುತ್ತಲೇ ಇರುವ ಹಲ್ಲು ಸರಿಯಾಗಿ ಸವೆಯದೆ ಬಾಯಿ ಹುಣ್ಣಾದಾಗ, ಆ ಮೆತ್ತಗಿನ ಹಿಕ್ಕೆ ಬಾಲದ ಸುತ್ತ ಅಂಟಿಕೊಂಡು ಉಳಿಯುತ್ತದೆ. ಪಿಷ್ಟ ಮತ್ತು ಸಕ್ಕರೆ ಹೆಚ್ಚಿರುವ ಆಹಾರ ಕೊಟ್ಟಾಗಲೂ ಹಿಕ್ಕೆ ಅತಿಯಾಗಿ ಮೆತ್ತಗಾಗುತ್ತದೆ. ಬಿಸ್ಕತ್ತು, ಅನ್ನ, ಬ್ರೆಡ್ಡು, ದಿನಕ್ಕೊಂದು ಬಾಳೆಹಣ್ಣು: ನಮ್ಮ ಮನೆಗಳಲ್ಲಿ ಮೊಲಕ್ಕೆ ಪ್ರೀತಿಯಿಂದ ಸಿಗುವುದು ಸಾಮಾನ್ಯವಾಗಿ ಇವೇ. ನಿಮ್ಮ ಮೊಲ ಏನು ತಿನ್ನುತ್ತದೆಂದು ನೀವು ಬರೆದಿಲ್ಲ, ಆದರೆ ಐದು ವರ್ಷದ ಮೊಲದ ತೂಕವನ್ನೂ ಹಲ್ಲನ್ನೂ ವೈದ್ಯರಿಗೆ ಒಮ್ಮೆ ತೋರಿಸಿಕೊಂಡು ಬರುವುದು ಮೊದಲ ಕೆಲಸ.

ಆಹಾರದಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಹುಲ್ಲೇ ಇರಲಿ. ಅಂಗಡಿಯ ಗುಳಿಗೆ ಆಹಾರ (ಪೆಲೆಟ್) ಬೆಳೆದ ಮೊಲಕ್ಕೆ ದಿನವೊಂದಕ್ಕೆ, ಅದರ ತೂಕದ ಪ್ರತಿ ಕಿಲೋಗೆ 25 ಗ್ರಾಂ ಮೀರದಿರಲಿ. ಮಳೆಗಾಲದಲ್ಲಿ ಕೊಯ್ದ ಹಸಿ ಹುಲ್ಲನ್ನು ರಾಶಿ ಹಾಕಿಟ್ಟರೆ ಒಳಗೆ ಬಿಸಿಯಾಗಿ ಹಳಸುತ್ತದೆ. ಅದನ್ನು ಕೊಡವಿ, ಜಗಲಿಯ ಮೇಲೆ ತೆಳುವಾಗಿ ಹರವಿ, ನೀರಾರಿದ ಮೇಲೆ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಬತ್ತದ ಹುಲ್ಲಿನಲ್ಲಿ ಪೋಷಕಾಂಶ ಕಡಿಮೆ, ಆದ್ದರಿಂದ ಅದನ್ನು ಮುಖ್ಯ ಆಹಾರವಾಗಿಸದೆ ಹಾಸಲು ಬಳಸಿಕೊಳ್ಳಿ. ಹೊಸ ಮೇವಿಗೆ ಬದಲಾಯಿಸುವಾಗ ಹಳೆಯದನ್ನು ಒಮ್ಮೆಲೇ ನಿಲ್ಲಿಸದೆ, ಎರಡು ವಾರಗಳಲ್ಲಿ ನಿಧಾನವಾಗಿ ಬದಲಾಯಿಸಬೇಕು.

ಸ್ನಾನ ಬೇಡ. ಮೊಲದ ದಟ್ಟ ಕೂದಲು ಬೇಗ ಒಣಗುವುದಿಲ್ಲ, ಜೂನ್–ಜುಲೈ ತಿಂಗಳಲ್ಲಂತೂ ಮನುಷ್ಯರ ಬಟ್ಟೆಯೇ ಒಣಗುವುದಿಲ್ಲ. ಹೆದರಿಕೆ ಮತ್ತು ಚಳಿ ಸೇರಿ ಪ್ರಾಣಿಗೆ ಆಘಾತವಾಗಬಹುದು, ಬುಡದಲ್ಲಿ ಉಳಿದ ತೇವ ನೊಣವನ್ನು ಮತ್ತೆ ಕರೆಯುತ್ತದೆ. ಕೊಳೆಯಾದ ಜಾಗವನ್ನಷ್ಟೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಪೂರ್ತಿ ಒಣಗಿಸಿರಿ. ಇದೇ ಕಾರಣಕ್ಕೆ ಗೂಡನ್ನು ಪ್ರತಿದಿನ ತೊಳೆಯುವುದೂ ಮಳೆಗಾಲದಲ್ಲಿ ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಮಾಡುತ್ತದೆಂದು ನನ್ನ ಅಭಿಪ್ರಾಯ, ಏಕೆಂದರೆ ತೊಳೆದ ಹಲಗೆ ಒಣಗುವ ಮೊದಲೇ ಮೊಲ ಅದರ ಮೇಲೆ ಕೂರುತ್ತದೆ. ಒದ್ದೆಯಾದ ಹಾಸನ್ನು ಪ್ರತಿದಿನ ತೆಗೆದು, ಕೆರೆದು, ಒಣ ಹಾಸು ಹಾಕಿ. ನೀರು ಹಾಕಿ ತೊಳೆಯುವುದನ್ನು ಮಳೆ ಹೊಳವಾಗಿ ಬಿಸಿಲು ಬಿದ್ದ ದಿನಕ್ಕೆ ಇಟ್ಟುಕೊಳ್ಳಿ.

ಇನ್ನು ಪರೀಕ್ಷೆಯ ಮಾತು. ಮೇ ತಿಂಗಳಿಂದ ಮಳೆ ಮುಗಿಯುವವರೆಗೆ ಬೆಳಿಗ್ಗೆ ಮತ್ತು ಸಂಜೆ ಮೊಲವನ್ನು ಮಡಿಲಲ್ಲಿ ಕೂರಿಸಿಕೊಂಡು, ಹಿಂಗಾಲುಗಳಿಗೆ ಕೈಯಾಸರೆ ಕೊಟ್ಟು, ಬಾಲ ಎತ್ತಿ ನೋಡಬೇಕು. ಅಂಗಾತ ಮಲಗಿಸಬೇಡಿ, ಅದರಿಂದ ಅದು ಬಹಳ ಹೆದರುತ್ತದೆ. ಬಾಲದ ಬುಡ, ತೊಡೆಸಂದು, ಹೊಟ್ಟೆ, ಗಂಟಲ ಕೆಳಗಿನ ಜೋಲುಚರ್ಮ, ಇಷ್ಟನ್ನೂ ಬೆರಳಿನಿಂದ ಕೂದಲು ಬಿಡಿಸಿ ನೋಡಿ. ಮೊಟ್ಟೆಗಳು ಅಕ್ಕಿ ನುಚ್ಚಿನ ಹಾಗೆ ಬಿಳಿ-ಹಳದಿಯಾಗಿ, ಗುಂಪಾಗಿ ಕೂದಲಿಗೆ ಅಂಟಿಕೊಂಡಿರುತ್ತವೆ. ಆ ಹಂತದಲ್ಲೇ ಕಂಡರೆ ಹೇನುಬಾಚಣಿಗೆಯಿಂದ ತೆಗೆಯಬಹುದು, ಆದರೂ ಅದೇ ದಿನ ವೈದ್ಯರಿಗೆ ತೋರಿಸುವುದು ಕ್ಷೇಮ.

ಪ್ರಶ್ನೆ: ಶಿರಸಿಯ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. ಮಕ್ಕಳು ಸಾಕಿದ ನಾಲ್ಕು ಗಿನಿ ಪಿಗ್‌ಗಳ ಪಂಜರವನ್ನು ಕೊಟ್ಟಿಗೆಯ ಪಕ್ಕದಲ್ಲಿಟ್ಟಿದ್ದೇವೆ. ಹುಳ ಬೀಳದ ಹಾಗೆ ದನಗಳಿಗೆ ಮಾಡಿದಂತೆ ಟರ್ಪೆಂಟೈನ್ ಅಥವಾ ಫಿನಾಯಿಲ್ ಹಚ್ಚಿ, ಪಂಜರದಲ್ಲಿ ನುಸಿಗುಳಿಗೆ ಇಡಿ ಎಂದು ಹಿರಿಯರು ಹೇಳುತ್ತಾರೆ. ನಾಯಿಯ ಉಣ್ಣಿಗೆ ಹೊಡೆಯುವ ಸ್ಪ್ರೇ ಕೂಡ ಮನೆಯಲ್ಲಿದೆ. ಯಾವುದನ್ನು ಬಳಸಬಹುದು?
– ಓದುಗರೊಬ್ಬರು, ಶಿರಸಿ

ಉತ್ತರ: ಯಾವುದನ್ನೂ ಬಳಸಬೇಡಿ. ನಾನೂರು ಕಿಲೋ ತೂಗುವ ಎಮ್ಮೆಯ ಗಾಯಕ್ಕೆ ಹಾಕುವ ನಾಲ್ಕು ಹನಿಗೂ ಒಂದು ಕಿಲೋ ತೂಗುವ, ಮೈ ನೆಕ್ಕಿಕೊಳ್ಳುವ ಪ್ರಾಣಿಗೆ ಹಾಕುವ ನಾಲ್ಕು ಹನಿಗೂ ಹೋಲಿಕೆಯಿಲ್ಲ. ಟರ್ಪೆಂಟೈನ್ ಮತ್ತು ಫಿನಾಯಿಲ್ ತೆಳುವಾದ ಚರ್ಮವನ್ನು ಸುಡುತ್ತವೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತವೆ. ನುಸಿಗುಳಿಗೆಯ ಆವಿಯನ್ನು ಪಂಜರದಲ್ಲಿರುವ ಪ್ರಾಣಿ ತಪ್ಪಿಸಿಕೊಳ್ಳಲಾರದು. ನಾಯಿಯ ಸ್ಪ್ರೇಯ ಡಬ್ಬಿಯ ಮೇಲೆ ಫಿಪ್ರೋನಿಲ್ ಎಂದಿದೆಯೇ ನೋಡಿ. ಅದು ಮೊಲಗಳಿಗೆ ಪ್ರಾಣಾಂತಿಕ ವಿಷವೆಂಬುದು ಚೆನ್ನಾಗಿ ತಿಳಿದ ಸಂಗತಿ, ಗಿನಿ ಪಿಗ್‌ಗೂ ಅದನ್ನು ತಾಗಿಸಬಾರದು. ಬ್ರಿಟನ್ನಿನಂಥ ಕಡೆ ಮೊಲಗಳಿಗೆಂದೇ ಸೈರೋಮಜಿನ್ ಎಂಬ ಔಷಧವನ್ನು ಬೇಸಿಗೆಯ ಮೊದಲೇ ಹಚ್ಚುವುದುಂಟು. ಅದು ಮರಿಹುಳ ಬೆಳೆಯದಂತೆ ಎಂಟರಿಂದ ಹತ್ತು ವಾರ ತಡೆಯುತ್ತದೆಯೇ ಹೊರತು ನೊಣವನ್ನು ಓಡಿಸುವುದಿಲ್ಲ, ಬೆಳೆದ ಹುಳವನ್ನು ಕೊಲ್ಲುವುದೂ ಇಲ್ಲ. ಹೀಗಾಗಿ ಎಂಥ ಔಷಧವಿದ್ದರೂ ದಿನದ ಪರೀಕ್ಷೆ ತಪ್ಪುವುದಿಲ್ಲ.

ನಿಮ್ಮ ಸಮಸ್ಯೆಗೆ ಮದ್ದು ಪಂಜರದ ಜಾಗ ಬದಲಾಯಿಸುವುದರಲ್ಲಿದೆ. ಮಳೆಗಾಲದಲ್ಲಿ ಸೊಪ್ಪು ಹಾಸಿದ ಕೊಟ್ಟಿಗೆ, ಪಕ್ಕದ ಗೊಬ್ಬರದ ಗುಂಡಿ, ಹಲಸಿನ ಹಣ್ಣಿನ ಸಿಪ್ಪೆ ಬಿದ್ದ ಜಾಗ, ಎಲ್ಲವೂ ನೊಣಗಳ ಸಂತೆ. ಪಂಜರವನ್ನು ಮನೆಯೊಳಗೆ, ಗಾಳಿಯಾಡುವ ಕಡೆ ಎತ್ತರದಲ್ಲಿಟ್ಟು, ಸುತ್ತ ಸೊಳ್ಳೆಪರದೆಯ ಬಟ್ಟೆ ಕಟ್ಟಿ. ನಮ್ಮಲ್ಲಿ ಸುಲಭವಾಗಿ ಸಿಗುವ ಅಡಿಕೆ ಹಾಳೆಯನ್ನು ಪಂಜರದ ತಳಕ್ಕೆ ಹಾಸಿ, ಮೇಲೆ ಒಣ ಬತ್ತದ ಹುಲ್ಲು ಹರಡಿದರೆ ಒದ್ದೆಯಾದದ್ದನ್ನು ಹಾಳೆಸಮೇತ ಎತ್ತಿ ಎಸೆಯಬಹುದು.

ಗಿನಿ ಪಿಗ್‌ಗೆ ಸಂಬಂಧಿಸಿ ಎರಡು ಮಾತು ಸೇರಿಸುತ್ತೇನೆ. ಮನುಷ್ಯರಂತೆ ಅದೂ ತನ್ನ ದೇಹದಲ್ಲಿ ಸಿ ಜೀವಸತ್ವವನ್ನು ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಕೀಲು ಬಾತು ನೋಯುತ್ತದೆ, ಮೈ ಶುಚಿ ಮಾಡಿಕೊಳ್ಳುವುದು ನಿಲ್ಲುತ್ತದೆ, ನೊಣಕ್ಕೆ ಅನುಕೂಲವಾಗುತ್ತದೆ. ದಿನವೂ ತಾಜಾ ಸೊಪ್ಪು, ದೊಣ್ಣೆಮೆಣಸಿನ ತುಂಡು, ಆಗಾಗ ಪೇರಳೆಯ ಚೂರು ಕೊಡಿ. ವಯಸ್ಸಾದ ಗಂಡುಗಳಲ್ಲಿ ಗುದದ ಬಳಿಯ ಚರ್ಮದ ಚೀಲದಲ್ಲಿ ಮೆತ್ತಗಿನ ಹಿಕ್ಕೆ ಕಟ್ಟಿಕೊಳ್ಳುವುದುಂಟು. ಅದನ್ನು ಹೇಗೆ ತೆಗೆಯಬೇಕೆಂದು ವೈದ್ಯರಿಂದ ಕೇಳಿ ಕಲಿತುಕೊಂಡರೆ ಮನೆಯಲ್ಲೇ ಮಾಡಬಹುದು.

ಪ್ರಶ್ನೆ: ಭಾನುವಾರ ಸಂಜೆ ಹುಳ ಕಂಡರೆ, ಆಸ್ಪತ್ರೆ ತಲಪುವವರೆಗೆ ಮನೆಯಲ್ಲಿ ಏನು ಮಾಡಬೇಕು?
– ಓದುಗರೊಬ್ಬರು, ಕಾರವಾರ

ಉತ್ತರ: ಮೊದಲು ವೈದ್ಯರಿಗೆ ಫೋನು ಮಾಡಿ, ಆಮೇಲೆ ಹುಳ ತೆಗೆಯಿರಿ. ಸೋಮವಾರದವರೆಗೆ ಕಾಯಬಹುದಾದ ತೊಂದರೆ ಇದಲ್ಲ. ಹುಳಗಳು ಬಿಡುವ ವಿಷದಿಂದ ಮತ್ತು ನೋವಿನಿಂದ ಪ್ರಾಣಿ ಒಂದೇ ದಿನದಲ್ಲಿ ಸಾಯಬಹುದು. ಆಸ್ಪತ್ರೆ ತಲಪುವವರೆಗೆ ಕಣ್ಣಿಗೆ ಕಾಣುವ ಹುಳಗಳನ್ನು ಮೊಂಡು ಚಿಮಟದಿಂದ ಒಂದೊಂದಾಗಿ, ತುಂಡಾಗದಂತೆ ಎತ್ತಿರಿ. ನೀರಿನಲ್ಲಿ ಮುಳುಗಿಸಬೇಡಿ, ಏಕೆಂದರೆ ಒದ್ದೆ ಕೂದಲನ್ನು ಆಮೇಲೆ ಯಂತ್ರದಿಂದ ಕತ್ತರಿಸಲು ಬರುವುದಿಲ್ಲ. ಅಂಟಿದ ಕೂದಲನ್ನು ಎಳೆಯಬೇಡಿ. ಮೊಲದ ಚರ್ಮ ಕಾಗದದಷ್ಟು ಸುಲಭವಾಗಿ ಹರಿಯುತ್ತದೆ. ಮೈ ತಣ್ಣಗಿದ್ದರೆ ಬಟ್ಟೆ ಹೊದೆಸಿ ಬೆಚ್ಚಗಿಡಿ, ಮುಂದೆ ಹುಲ್ಲು ಮತ್ತು ನೀರು ಇಟ್ಟಿರಿ.

ಚಿಕಿತ್ಸೆಯೆಂದರೆ ತೂಕ ನೋಡಿ ಕೊಡುವ, ಹುಳ ಕೊಲ್ಲುವ ಐವರ್‌ಮೆಕ್ಟಿನ್, ನೋವಿನ ಮದ್ದು, ದ್ರವ, ಅಗತ್ಯವಿದ್ದರೆ ಪ್ರತಿಜೈವಿಕ (ಆಂಟಿಬಯೋಟಿಕ್). ಹಳೆಯ ಮಾತ್ರೆ ಉಳಿದಿದೆಯೆಂದು ಅಮಾಕ್ಸಿಸಿಲಿನ್ ಎಂಬ ಪ್ರತಿಜೈವಿಕವನ್ನು ಬಾಯಿಗೆ ಹಾಕಬೇಡಿ. ಮೊಲ ಮತ್ತು ಗಿನಿ ಪಿಗ್‌ಗಳ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಅದು ಕೊಂದು ಹುಳಕ್ಕಿಂತ ಮೊದಲೇ ಪ್ರಾಣ ತೆಗೆಯಬಲ್ಲುದು. ಚರ್ಮದೊಳಕ್ಕೆ ಕೊರೆದ ಹುಳಗಳು ಒಂದೇ ಸಲಕ್ಕೆ ಸಿಗುವುದಿಲ್ಲವಾದ್ದರಿಂದ ಮಾರನೆಯ ದಿನವೂ ಮತ್ತೆ ತೋರಿಸಬೇಕು. ಮೇವು ಬಿಟ್ಟಿದ್ದರೆ ಕರುಳಿನ ಚಲನೆ ನಿಲ್ಲುತ್ತದೆ. ಆಗ ಬಾಯಿಗೆ ಆಹಾರ ಹಾಕುವ ವಿಧಾನವನ್ನು ಅಲ್ಲಿಯೇ ಕೇಳಿ ತಿಳಿದುಕೊಂಡು ಬನ್ನಿ.

ಪ್ರಶ್ನೆ: ಫ್ಲ್ಯಾಟಿನೊಳಗೆ ಗಾಜಿನ ತೊಟ್ಟಿಯಲ್ಲಿರುವ ಹ್ಯಾಮ್‌ಸ್ಟರ್‌ಗೂ ಈ ಅಪಾಯವಿದೆಯೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಕಡಿಮೆ, ಆದರೆ ಇಲ್ಲವೆನ್ನಲಾಗದು. ಬಾಲದ ಬಳಿ ಒದ್ದೆಯಾಗಿ ಭೇದಿ ಕಂಡರೆ ಅದು ಸ್ವತಃ ಗಂಭೀರ ಕಾಯಿಲೆ, ಅದಕ್ಕೇ ಕೂಡಲೇ ಚಿಕಿತ್ಸೆ ಬೇಕು. ತೊಟ್ಟಿಯ ಮೇಲೆ ಸಣ್ಣ ಕಣ್ಣಿನ ಜಾಲರಿ ಮುಚ್ಚಿ, ಮೂತ್ರ ಮಾಡುವ ಮೂಲೆಯ ಹೊಟ್ಟನ್ನು ದಿನವೂ ತೆಗೆದು, ಬಚ್ಚಿಟ್ಟ ಹಸಿ ತರಕಾರಿಯನ್ನು ಹುಡುಕಿ ಹೊರಹಾಕಿ. ಒಣಮೀನಿನ ಬುಟ್ಟಿ ಇರುವ ಬಾಲ್ಕನಿಯಲ್ಲಿ ಮಾತ್ರ ತೊಟ್ಟಿಯನ್ನು ಇಡಬೇಡಿ.