ಅರ್ಧಕ್ಕೆ ನಿಂತ ಕೌದಿ, ಸೂಜಿ ಮುರಿಯುವ ಜೀನ್ಸ್ ಚಿಂದಿ, ಮೋಡಕ್ಕೆ ಸಿಕ್ಕ ಮಜ್ಜಿಗೆ ಮೆಣಸಿನಕಾಯಿ: ಯಾವುದು ಉಳಿಯುತ್ತದೆ?

ಸಿಂಧನೂರಿನಿಂದ ಕೇಳಿದ್ದೀರಿ. ಪ್ರಶ್ನೆ ಉದ್ದ ಇದೆ, ಸಾರ ಇಷ್ಟು: ಹಳೆ ಸೀರೆ, ಧೋತರ ಸೇರಿಸಿ ಹಿಡಿದ 5 ಅಡಿ ಅಗಲ, 7 ಅಡಿ ಉದ್ದದ ಕೌದಿ ಅರ್ಧಕ್ಕೆ ನಿಂತಿದೆ, ನಡುವೆ ಉಬ್ಬಿದೆ. ಬಳ್ಳಾರಿಯಿಂದ ತಂದ ಜೀನ್ಸ್ ಚಿಂದಿಯನ್ನು ಅದರ ಮೇಲೆ ಮಷೀನಿನಲ್ಲಿ ಹಚ್ಚಲು ಹೋದರೆ ಸೂಜಿ ಮುರಿಯುತ್ತದೆ, ಕೆಳಗೆ ದಾರ ಸಿಕ್ಕುಗಟ್ಟುತ್ತದೆ. ನೀರು ತಾಗಿದ ಕಡೆ ಬಿಳಿ ಧೋತರಕ್ಕೆ ನೀಲಿ ಹತ್ತಿದೆ. ಬಾಗಿಲಿಗೆಂದು ಹಾಕುತ್ತಿದ್ದ ಕ್ರೋಶಾ ತೋರಣದ ಹೂ ಚಪ್ಪಟೆಯಾಗಿ ಕೂರುತ್ತಿಲ್ಲ. ಇದರ ಮೇಲೆ, ಮಾಳಿಗೆ ಮೇಲೆ ಹಾಕಿದ್ದ ಮಜ್ಜಿಗೆ ಮೆಣಸಿನಕಾಯಿ ಮೋಡಕ್ಕೆ ಸಿಕ್ಕಿದೆ.

ಮೊದಲು ಮೆಣಸಿನಕಾಯಿ ನೋಡಿ. ಕೌದಿ ಇನ್ನೊಂದು ವರ್ಷ ಟ್ರಂಕಿನಲ್ಲಿ ಕೂತರೂ ಕೆಡುವುದಿಲ್ಲ, ಮೆಣಸಿನಕಾಯಿ ನಾಳೆವರೆಗೂ ಕಾಯುವುದಿಲ್ಲ.

ಒಂದು ಕಾಯಿ ಮುರಿದು ಒಳಗೆ ನೋಡಿ, ಮೂಸಿ. ಹುಳಿ ವಾಸನೆ ಇದ್ದರೆ ಪರವಾಗಿಲ್ಲ. ಕೊಳೆತ ವಾಸನೆ, ಕೈಗೆ ಲೋಳೆ, ಒಳಗೆ ಬೀಜದ ಸುತ್ತ ಹಸಿರು ಅಥವಾ ಕಪ್ಪು ಬೂಷ್ಟು ಇದ್ದರೆ ಅದು ತಿಪ್ಪೆಗೆ. ಗೊಂದಲ ಆಗುವುದು ಬಿಳಿ ಬಣ್ಣದಲ್ಲಿ. ಉಪ್ಪೂ ಬಿಳಿ, ಒಣಗಿದ ಮಜ್ಜಿಗೆಯೂ ಬಿಳಿ, ಬೂಷ್ಟೂ ಶುರುವಿನಲ್ಲಿ ಬಿಳಿ. ಬೆರಳು ಒದ್ದೆ ಮಾಡಿ ತಿಕ್ಕಿ ನೋಡಿ: ಉಪ್ಪು ಕರಗುತ್ತದೆ, ಮಜ್ಜಿಗೆ ಹೆಕ್ಕಳದ ಹಾಗೆ ಏಳುತ್ತದೆ, ಬೂಷ್ಟು ಎಳೆ ಎಳೆಯಾಗಿ ಬೆರಳಿಗೆ ಅಂಟುತ್ತದೆ. ಎಣ್ಣೆಯಲ್ಲಿ ಕರಿದರೆ ಎಲ್ಲ ಸತ್ತುಹೋಗುತ್ತದೆ ಅನ್ನುವ ಮಾತು ನಂಬಬೇಡಿ. ಬೂಷ್ಟು ಸಾಯಬಹುದು, ಅದು ಕಾಯಿಯೊಳಗೆ ಬಿಟ್ಟ ವಿಷ ಕರಿಯುವ ಕಾವಿಗೆ ಪೂರ್ತಿ ಹೋಗುವುದಿಲ್ಲ. ನಾಲ್ಕೈದು ಕಾಯಿಗೆ ಮಾತ್ರ ಹತ್ತಿದ್ದರೆ ಅವನ್ನೂ ಅವಕ್ಕೆ ತಾಗಿದ್ದನ್ನೂ ತೆಗೆಯಿರಿ. ರಾಶಿಯಲ್ಲಿ ಅಲ್ಲಲ್ಲಿ ಕಾಣುತ್ತಿದ್ದರೆ ಇಡೀ ರಾಶಿ ಬಿಡಿ.

ಚೆನ್ನಾಗಿದ್ದು ಬರೀ ಮೆತ್ತಗಾಗಿದ್ದರೆ ಮತ್ತೆ ಮಜ್ಜಿಗೆಗೆ ಹಾಕಿ. 1 ಕೆಜಿ ಹಸಿ ಕಾಯಿಗೆ ಶುರುವಿನ ಅಳತೆ 1 ಲೀಟರ್ ಗಟ್ಟಿ ಹುಳಿ ಮಜ್ಜಿಗೆ, 100ರಿಂದ 120 ಗ್ರಾಂ ಉಪ್ಪು. ಹಳೆ ಮಜ್ಜಿಗೆ ಖಾಲಿಯಾಗಿದ್ದರೆ ಅರ್ಧ ಲೀಟರಿಗೆ 50 ಗ್ರಾಂ ಉಪ್ಪು ಕಲಸಿ, ಕಾಯಿ ಮುಳುಗಿಸಿ, ಫ್ರಿಜ್‌ನಲ್ಲಿಡಿ. ಎರಡು ಮೂರು ದಿನ ಬಿಸಿಲಿಗೆ ಕಾಯಬಹುದು. ಮುಕ್ಕಾಲು ಒಣಗಿದ್ದರೆ ಮಜ್ಜಿಗೆ ಬೇಡ: ಮನೆಯೊಳಗೆ ಹೊರಸಿನ ಮೇಲೆ ತೆಳು ಕಾಟನ್ ಬಟ್ಟೆ ಹಾಸಿ, ಒಂದರ ಮೇಲೊಂದು ಬೀಳದಂತೆ ಹರವಿ, ಫ್ಯಾನ್ ಹಾಕಿ. ನೆಲಕ್ಕಿಂತ ಹೊರಸು ಮೇಲು, ಕೆಳಗಿನಿಂದಲೂ ಗಾಳಿ ಆಡುತ್ತದೆ. ಓವನ್ ಇದ್ದರೆ 60ರಿಂದ 70 ಡಿಗ್ರಿಯಲ್ಲಿ, ಬಾಗಿಲು ಸ್ವಲ್ಪ ತೆರೆದು. ಬಾಣಲೆಯಲ್ಲಿ ಹುರಿದು ಒಣಗಿಸುವುದು ಬೇಡ, ಮೇಲೆ ಕರಕಾಗಿ ಒಳಗೆ ಹಸಿ ಉಳಿಯುತ್ತದೆ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ತೊಟ್ಟು ಬಗ್ಗದೆ ಪಟಕ್ಕನೆ ಮುರಿಯಬೇಕು. ಅಲ್ಲಿಯವರೆಗೆ ಡಬ್ಬಿಗೆ ತುಂಬಬೇಡಿ.

ಈಗ ಕೌದಿ. ನಡುವೆ ಯಾಕೆ ಉಬ್ಬಿತು ಅನ್ನುವುದು ಗೊತ್ತಾಗದೆ ಒಂದು ಹೊಲಿಗೆಯನ್ನೂ ಬಿಚ್ಚಬೇಡಿ. ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಗೆ ಹೊಲಿಯುತ್ತ ಬರುವುದು ನಮ್ಮ ಕಡೆಯ ರೂಢಿ. ಪ್ರತಿ ಸುತ್ತೂ ಬಟ್ಟೆಯ ಸಡಿಲವನ್ನು ಒಂದಿಷ್ಟು ಒಳಗೆ ದಬ್ಬುತ್ತದೆ. ಎಲ್ಲ ಸೇರಿ ಕೊನೆಗೆ ನಡುವೆ ಬಂದು ಕೂರುತ್ತದೆ. ಕೈ ಪಳಗಿದವರು ಎಡಗೈಯಿಂದ ಸಡಿಲವನ್ನು ಹೊರಗೆ ಸವರುತ್ತಲೇ ಹೊಲಿಯುತ್ತಾರೆ. ಉಳಿದವರಿಗೆ ಪದರ ಜಾರದಂತೆ ಮೊದಲೇ ತಾತ್ಕಾಲಿಕ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದೇ ದಾರಿ.

ಕೌದಿಯನ್ನು ನೆಲದ ಮೇಲೆ ಹರವಿ, ಹೊರಸು ಹಾಸಿಗೆ ಬೇಡ. ಟೇಪು ಹಿಡಿದು ಮೂರು ಕಡೆ ಅಗಲ ಅಳೆಯಿರಿ: ತಲೆ ಅಂಚು, ಕಾಲು ಅಂಚು, ನಟ್ಟನಡುವೆ. ನಡುವಿನಲ್ಲಿ ಟೇಪು ಉಬ್ಬಿನ ಮೇಲೆಯೇ ಹಾಯಬೇಕು. ಅಂಚು 58 ಇಂಚು, ನಡುವೆ 60 ಬಂದರೆ ತಪ್ಪು ನಡುವಿನದಲ್ಲ, ಅಂಚಿನದು. ಹೊರ ಸುತ್ತುಗಳಲ್ಲಿ ದಾರ ಬಿಗಿಯಾಗಿ ಎಳೆದಿದೆ. ಆಗ ಹೊರಗಿನ ನಾಲ್ಕೈದು ಸುತ್ತುಗಳಲ್ಲಿ 10 ಇಂಚಿಗೊಂದು ಕಡೆ ದಾರ ಕತ್ತರಿಸಿ, ಬಟ್ಟೆಯನ್ನು ಎರಡೂ ಕೈಯಿಂದ ಹೊರಗೆ ಸವರಿ, ಹಳೆ ಹೊಲಿಗೆಯ ಪಕ್ಕದಲ್ಲೇ ಹೊಸದು ಹಾಕಿ, ಆಮೇಲೆ ಹಳೆಯದನ್ನು ಕಿತ್ತು ಹಾಕಿ. ಮೊದಲೇ ಕಿತ್ತರೆ ಪದರ ಜಾರುತ್ತದೆ.

ಅಂಚಿನ ಅಳತೆ ಸರಿಯಿದ್ದೂ ಉಬ್ಬಿದ್ದರೆ ಯಾವುದೋ ಒಂದು ಪದರ ದೊಡ್ಡದಾಗಿದೆ. ಉಬ್ಬಿದ ಕಡೆ ಮೇಲಿನದನ್ನು ಚಿವುಟಿ ಎತ್ತಿ, ಮತ್ತೆ ತಿರುವಿ ಕೆಳಗಿನದನ್ನು ಎತ್ತಿ. ಸಡಿಲ ಇರುವುದು ಕೈಗೇ ಹತ್ತುತ್ತದೆ. ಹೆಚ್ಚಾಗಿ ಅದು ಪಾಲಿಸ್ಟರ್ ಸೀರೆಯೇ ಆಗಿರುತ್ತದೆ: ಜಾರುತ್ತದೆ, ಹೊಲಿಗೆಯಲ್ಲಿ ನಿಲ್ಲುವುದಿಲ್ಲ, ಹೊದ್ದರೆ ಬೆವರೂ ಹೀರುವುದಿಲ್ಲ. ಅನುಮಾನ ಇದ್ದರೆ ಒಂದು ಎಳೆ ಸುಟ್ಟು ನೋಡಿ, ಕಾಟನ್ ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸಡಿಲ ಅರ್ಧ ಇಂಚಿನ ಒಳಗಿದ್ದರೆ ಆ ಪದರಕ್ಕೆ ಅಲ್ಲೇ ಒಂದು ನಿರಿಗೆ ಹಿಡಿದು ಚಪ್ಪಟೆ ಮಾಡಿ, ಮೇಲೊಂದು ತ್ಯಾಪೆ ಹಚ್ಚಿ. ಕೌದಿಯಲ್ಲಿ ತ್ಯಾಪೆ ಯಾರ ಕಣ್ಣಿಗೂ ತಪ್ಪಾಗಿ ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಬಿಚ್ಚಲೇಬೇಕು, ಎಲ್ಲವನ್ನೂ ಅಲ್ಲ. ಅಂಗೈಯಿಂದ ಉಬ್ಬನ್ನು ಅಂಚಿನ ಕಡೆ ತಳ್ಳುತ್ತ ಹೋಗಿ. ಎಷ್ಟನೇ ಸುತ್ತಿನಲ್ಲಿ ತಡೆಯುತ್ತದೋ ಅಲ್ಲಿಂದ ಒಳಗಿನದನ್ನು ಮಾತ್ರ ಬಿಚ್ಚಿ.

ಇನ್ನು ಮುಂದುವರಿಸುವ ಮುನ್ನ, ಹೊಲಿಯದೆ ಉಳಿದ ನಡುಭಾಗಕ್ಕೆ ಕಚ್ಚಾ ಹೊಲಿಗೆ. ಎದ್ದು ಕಾಣುವ ಬಣ್ಣದ ದಾರ, 2 ಇಂಚಿನ ಉದ್ದುದ್ದ ಟಾಕು. ಮೊದಲು ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ, ನಡುವಿನಿಂದ ಹೊರಕ್ಕೆ. ಆಮೇಲೆ 8 ಇಂಚಿಗೊಂದರಂತೆ. ಟೈಲ್ಸ್ ನೆಲವಾದರೆ ಅದರ ಸಂದುಗಳೇ ನೇರ ಗೆರೆ, ಬೇರೆ ಗುರುತು ಬೇಡ. ಪೂರಾ ಹೊಲಿಗೆಗೆ ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದ ದಾರ ಪದೇ ಪದೇ ಸೂಜಿಗೆ ಪೋಣಿಸುವ ಕೆಲಸ ಉಳಿಸುತ್ತದೆ ಅನ್ನಿಸುತ್ತದೆ, ಆದರೆ ಗಂಟಾಗಿ, ಎಳೆ ಸವೆದು, ಉಳಿಸಿದ್ದಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ನಾನಾದರೆ ನಿಮ್ಮ ಕೌದಿಯ ನಡುಭಾಗವನ್ನು ಸುತ್ತು ಬಿಟ್ಟು ನೇರ ಸಾಲಿನಲ್ಲಿ, ಮಧ್ಯದಿಂದ ಆಚೀಚೆ ಹೊಲಿದು ಹಳೆ ಸುತ್ತಿಗೆ ಕೂಡಿಸುತ್ತೇನೆ. ಸುತ್ತಿನ ಅಂದ ಕೆಟ್ಟಿತು ಅನ್ನುವ ಹಿರಿಯರು ಮನೆಯಲ್ಲಿ ಇದ್ದೇ ಇರುತ್ತಾರೆ, ಅನ್ನಲಿ.

ಮುಂದಿನ ಕೌದಿಗೆ ಒಂದು ಲೆಕ್ಕ. ಸೀರೆ ಸುಮಾರು 5.5 ಮೀಟರ್, ಅಗಲ 46 ಇಂಚು ಹಿಡಿದರೆ, 62 ಇಂಚಿನ ಮೂರು ತುಂಡು ಸಿಗುತ್ತವೆ. ಎರಡು ತುಂಡನ್ನು ಅಂಚಿಗೆ ಅಂಚು ಕೂಡಿಸಿದರೆ 62 ಇಂಚು ಅಗಲ, 90 ಇಂಚಿನಷ್ಟು ಉದ್ದದ ಒಂದು ಪದರ. ಅಂದರೆ ಎರಡು ಸೀರೆಗೆ ಮೂರು ಪದರ. ಹೊಲಿಗೆ ಬಿದ್ದಂತೆ ಎರಡು ಮೂರು ಇಂಚು ಕುಗ್ಗುತ್ತದೆ, ಅದಕ್ಕೇ ಈ ಹೆಚ್ಚುವರಿ. ಜರಿ ಅಂಚನ್ನು ಕತ್ತರಿಸಿ ತೆಗೆಯಿರಿ. ಅದು ಬಿರುಸು, ಪಕ್ಕದ ಮೆತ್ತನೆ ಬಟ್ಟೆಯನ್ನು ಹರಿಯುತ್ತದೆ.

ಜೀನ್ಸ್ ವಿಷಯಕ್ಕೆ ಬಂದರೆ, ಪ್ಯಾಂಟುಗಳಿಗೆ ವಾಷಿಂಗ್ ಆಗುವುದು ಹೊಲಿದು ಮುಗಿದ ಮೇಲೆ. ನಿಮಗೆ ಸಿಕ್ಕಿದ್ದು ಕಟಿಂಗ್ ಟೇಬಲ್ಲಿನ ಚಿಂದಿಯಾದರೆ ಅದು ನೀರನ್ನೇ ಕಂಡಿಲ್ಲ. ಗಂಜಿ, ಹೆಚ್ಚುವರಿ ನೀಲಿ ಎರಡೂ ಅದರಲ್ಲೇ ಇವೆ, ಬಟ್ಟೆಯೂ ಇನ್ನೂ ಕುಗ್ಗಿಲ್ಲ. ಇಂಡಿಗೋ ಬಣ್ಣ ನೂಲಿನ ಒಳಕ್ಕೆ ಇಳಿಯದೆ ಮೇಲ್ಮೈಯಲ್ಲೇ ಕೂತಿರುತ್ತದೆ, ತಿಕ್ಕಿದರೂ ನೆನೆದರೂ ಬಿಡುತ್ತದೆ. ಉಪ್ಪು, ವಿನೆಗರ್ ಹಾಕಿ ಬಣ್ಣ ಹಿಡಿಸುತ್ತೇನೆ ಅನ್ನುವುದು ಇದಕ್ಕೆ ನಡೆಯುವುದಿಲ್ಲ. ಉಳಿದ ಚಿಂದಿಯನ್ನು ಒಂದು ರಾತ್ರಿ ಸೋಪುನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಜಾಲಿಸಿ, ಬಿಸಿಲಿಗೆ ಪೂರ್ತಿ ಒಣಗಿಸಿ, ಆಮೇಲಷ್ಟೇ ಕತ್ತರಿ. ಧೋತರಕ್ಕೆ ಹತ್ತಿದ ನೀಲಿಗೆ ಇಸ್ತ್ರಿ ತಾಗಿಸಬೇಡಿ. ತಣ್ಣೀರು, ಡಿಟರ್ಜೆಂಟ್, ಎರಡು ಮೂರು ಸಲ ಒಗೆತ. ಬ್ಲೀಚಿಂಗ್ ಪುಡಿ ನೀಲಿಯನ್ನು ತೆಗೆಯುತ್ತದೆ ನಿಜ, ಜೊತೆಗೆ ಜೀನ್ಸ್ ತುಂಡನ್ನೂ ಬೆಳ್ಳಗೆ ಮಾಡಿ ಹಳೆ ಧೋತರದ ನೂಲನ್ನೂ ತಿನ್ನುತ್ತದೆ. ಹೋಗದಿದ್ದರೆ ಮೇಲೊಂದು ತ್ಯಾಪೆ.

ಇಡೀ ಮೇಲ್ಪದರ ಜೀನ್ಸ್ ಮಾಡುವ ಯೋಚನೆ ಇದ್ದರೆ ತೂಕ ನೋಡಿಕೊಳ್ಳಿ. ಪ್ಯಾಂಟಿನ ಡೆನಿಮ್ ಚದರ ಮೀಟರಿಗೆ 350ರಿಂದ 400 ಗ್ರಾಂ ಇರುತ್ತದೆ. ನಿಮ್ಮ ಕೌದಿ ಮೂರೂಕಾಲು ಚದರ ಮೀಟರ್. ಜೀನ್ಸ್ ಒಂದೇ 1.1ರಿಂದ 1.3 ಕೆಜಿ ಆಗುತ್ತದೆ. ಒಗೆದು ಹಿಂಡುವಾಗ ಇಬ್ಬರು ಬೇಕಾಗುತ್ತದೆ. ನಾಲ್ಕು ಮೂಲೆ, ಸುತ್ತ ಒಂದು ಪಟ್ಟಿ, ಅಷ್ಟು ಸಾಕು.

ಸೂಜಿ ಮುರಿಯುವುದಕ್ಕೆ: ಅಂಗಡಿಯಲ್ಲಿ "ದಪ್ಪಂದು ಕೊಡ್ರಿ" ಅಂತ ಕೇಳಿದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. "ಮನಿ ಮಷೀನಿಂದು, ಹದಿನಾರು ನಂಬರ್ ಎರಡು, ಹದಿನೆಂಟು ನಂಬರ್ ಎರಡು" ಅನ್ನಿ. ಎರಡು ಪದರ ಜೀನ್ಸಿಗೆ 16, ಮಡಿಕೆ ದಾಟುವಲ್ಲಿ 18. ಸೂಜಿಯನ್ನು ಮೇಲೆ ತಟ್ಟುವವರೆಗೆ ಏರಿಸಿ ಸ್ಕ್ರೂ ಬಿಗಿಮಾಡಿ. ಸೂಜಿಯ ಮೈಮೇಲೆ ಉದ್ದ ತೋಡು ಇರುವ ಕಡೆಯಿಂದ ದಾರ ಒಳಹೋಗಬೇಕು, ಚಪ್ಪಟೆ ಬದಿ ಕೆಳದಾರದ ಬಾಬಿನ್ ಕೇಸಿನ ಕೊಕ್ಕೆಯ ಕಡೆ ಇರಬೇಕು. ಟಾಕು 3ರಿಂದ 3.5 ಮಿ.ಮೀ. ಮುರಿಯಲು ಹೆಚ್ಚಿನ ಕಾರಣ ಮಾತ್ರ ಸೂಜಿಯಲ್ಲ, ಕೈ. ಬಟ್ಟೆ ಸರಿಯುತ್ತಿಲ್ಲ ಅಂತ ಹಿಂದಿನಿಂದ ಎಳೆದರೆ ಸೂಜಿ ಬಾಗಿ ಪ್ಲೇಟಿಗೆ ಬಡಿಯುತ್ತದೆ. ಹೊಲಿಗೆಯ ದಪ್ಪ ಬಂದಾಗ, ಬಟ್ಟೆ ಒತ್ತಿ ಹಿಡಿಯುವ ಮಷೀನಿನ ಪಾದದ ಮೂತಿ ಮೇಲಕ್ಕೆದ್ದು ಟಾಕು ತಪ್ಪುತ್ತದೆ. ಏರುವಾಗ ಪಾದದ ಹಿಂಭಾಗದ ಕೆಳಗೆ ಅದೇ ಜೀನ್ಸಿನ ಮಡಿಸಿದ ಚೂರೊಂದನ್ನು ಇಟ್ಟು ಸಮ ಮಾಡಿ, ಇಳಿಯುವಾಗ ಮುಂಭಾಗದ ಕೆಳಗೆ. ಆ ಒಂದು ಇಂಚನ್ನು ಕಾಲು ತೆಗೆದು ಗಾಲಿಯನ್ನು ಕೈಯಿಂದ ತಿರುಗಿಸಿ ದಾಟಿಸಿ. ದಪ್ಪ ಮಡಿಕೆಯನ್ನು ಮೊದಲೇ ಸುತ್ತಿಗೆಯಿಂದ ಬಡಿದರೆ ಇನ್ನೂ ಸಲೀಸು. ಕೌದಿಯ ಮೂರು ಪದರದ ಮೇಲೆ ಜೀನ್ಸ್ ಮಡಿಸಿ ಹಚ್ಚುವುದು ಮನೆ ಮಷೀನಿಗೆ ಹೆಚ್ಚಾಯಿತು. ಮೇಲಿನ ಸೀರೆ ಪದರಕ್ಕೆ ಮಾತ್ರ ಮಷೀನಿನಲ್ಲಿ ಹಚ್ಚಿ, ಉಳಿದದ್ದು ಕೈಹೊಲಿಗೆ. ನಿಮ್ಮದು ಈಗಾಗಲೇ ಅರ್ಧ ಹೊಲಿದಿರುವುದರಿಂದ ಪೂರ್ತಿ ಕೈಯಲ್ಲೇ ಹಚ್ಚಿ. ಮಡಿಸಿದ ಅಂಚಿಗೆ ಇಸ್ತ್ರಿ ಒತ್ತಿ, ಮಡಿಕೆಯ ಮೇಲಿನ ಪದರವನ್ನಷ್ಟೇ ಹಿಡಿದು ಹೊಲಿದರೆ ಬೆರಳಿಗೂ ನೋವಿಲ್ಲ. ದಬ್ಬಣ ಹಿಡಿಯಬೇಡಿ, ಅದು ಮಾಡಿದ ತೂತು ಸೀರೆಯಲ್ಲಿ ಮುಚ್ಚಿಕೊಳ್ಳುವುದಿಲ್ಲ.

ಕೆಳಗೆ ದಾರ ಸಿಕ್ಕುಗಟ್ಟಿದರೆ ಎಲ್ಲರೂ ಮೊದಲು ಬಾಬಿನ್ ಕೇಸಿಗೆ ಕೈಹಾಕಿ ಅದರ ಸಣ್ಣ ಸ್ಕ್ರೂ ತಿರುಗಿಸುತ್ತಾರೆ. ಬೇಡ. ಕೆಳಗೆ ಕಾಣುವ ಸಿಕ್ಕು ಹತ್ತಕ್ಕೆ ಒಂಬತ್ತು ಸಲ ಮೇಲಿನ ದಾರದ ತಪ್ಪು. ಪಾದ ಕೆಳಗಿಟ್ಟು ದಾರ ಪೋಣಿಸಿದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರದೆ ಮೇಲೇ ತೇಲುತ್ತದೆ. ಪಾದ ಎತ್ತಿ, ಸೂಜಿಯನ್ನು ತುದಿಗೆ ತಂದು, ದಾರ ಪೂರ್ತಿ ತೆಗೆದು ಹೊಸದಾಗಿ ಪೋಣಿಸಿ. ಪಾದ ಇಳಿಸಿ ದಾರ ಎಳೆದು ನೋಡಿ, ಬಿಗಿ ಹತ್ತಬೇಕು. ಹತ್ತದಿದ್ದರೆ ಬಿಲ್ಲೆಗಳ ನಡುವೆ ನೂಲಿನ ಧೂಳು ಸಿಕ್ಕಿದೆ, ಬಟ್ಟೆಯ ತುದಿ ತೂರಿಸಿ ಒರೆಸಿ. ಹೊಲಿಗೆ ಶುರುವಿನಲ್ಲಿ ಎರಡೂ ದಾರದ ತುದಿ ಹಿಡಿದುಕೊಂಡು ಮೂರು ನಾಲ್ಕು ಟಾಕು ಹಾಕಿ. ಇಷ್ಟಾಗಿಯೂ ನಿಲ್ಲದಿದ್ದರೆ ಬಾಬಿನ್ ಕೇಸನ್ನು ಅದರ ದಾರದಿಂದಲೇ ತೂಗಿಬಿಡಿ. ಸುಮ್ಮನೆ ನಿಂತಿದ್ದು, ಮೆಲ್ಲಗೆ ಜಗ್ಗಿದಾಗ ಒಂದೆರಡು ಇಂಚು ಇಳಿದು ನಿಂತರೆ ಅದು ಸರಿಯಾಗೇ ಇದೆ.

ತೋರಣದ ಹೂವಿನದು ಬರೀ ಎಣಿಕೆ. ಅಂಚು ಅಲೆ ಅಲೆಯಾಗಿದ್ದರೆ ಒಂದೊಂದು ಸುತ್ತಿನಲ್ಲಿ ಕಂಬ (ಕ್ರೋಶಾ ಟಾಕು) ಹೆಚ್ಚಾಗಿದೆ, ಬಟ್ಟಲಿನಂತೆ ಎದ್ದಿದ್ದರೆ ಕಡಿಮೆಯಾಗಿದೆ. ಕಡ್ಡಿಗೆ ದಾರ ಸುತ್ತಿ ತೆಗೆಯುವ ಉದ್ದ ಕಂಬವಾದರೆ ಪ್ರತಿ ಸುತ್ತಿಗೆ 12 ಹೆಚ್ಚಬೇಕು: 12, 24, 36. ಸುತ್ತದೆ ತೆಗೆಯುವ ಗಿಡ್ಡದಕ್ಕೆ 6: 6, 12, 18. ಲೆಕ್ಕ ತಪ್ಪಿದ ಸುತ್ತಿನವರೆಗೆ ಬಿಚ್ಚಿದರೆ ಸಾಕು. ಬಿಚ್ಚಿದ ಉಲ್ಲನ್ ಸುರುಳಿ ಸುರುಳಿಯಾಗಿದ್ದರೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಿನಲ್ಲಿ ಅದ್ದಿ ನೆರಳಿಗೆ ತೂಗುಹಾಕಿ. ಅಂಗಡಿಯ ಬಣ್ಣದ ಉಲ್ಲನ್ ಹೆಚ್ಚಾಗಿ ಅಕ್ರಿಲಿಕ್, ಅದಕ್ಕೆ ಇಸ್ತ್ರಿ ತಾಗಿಸಿದರೆ ಸತ್ತು ಜೋತುಬೀಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ.