ಪ್ರಿಂಟ್ ಕೊಟ್ಟ ತಕ್ಷಣ ಕಂಪ್ಯೂಟರ್ ಆಫ್ ಆಗುತ್ತದೆ: ಎಸ್‌ಎಂಪಿಎಸ್ ಬದಲಿಸಲೋ, ಪ್ರಿಂಟರ್ ಬದಲಿಸಲೋ?

ಎರಡೂ ಬೇಡ. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್ ಒಳಗೆ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿ, ಆಮೇಲೆ ನೋಡೋಣ. ಮೊದಲು ಮೇಜಿನ ಕೆಳಗೆ ಬಗ್ಗಿ, ಪ್ರಿಂಟರ್ ವೈರ್ ಎಲ್ಲಿಗೆ ಹೋಗಿದೆ ನೋಡಿ. ಲೇಸರ್ ಪ್ರಿಂಟರ್ ಆಗಿದ್ದು, ಅದರ ಪ್ಲಗ್ ಯುಪಿಎಸ್‌ನಲ್ಲಿದ್ದರೆ ರೋಗ ಅಲ್ಲೇ ಇದೆ. ‘ಮೊದಲ ಪ್ರಿಂಟ್‌ಗೇ ಆಫ್ ಆಗುತ್ತದೆ, ಮತ್ತೆ ಆನ್ ಮಾಡಿದರೆ ಸುಮ್ನೆ ಇದ್ದರೂ ಆಫ್ ಆಗುತ್ತದೆ’ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನನ್ನ ಅಂಗಡಿ ಕಣ್ಣಮುಂದೆ ಬಂತು.

ಕಡೂರಿನಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇತ್ತು. ಅಫಿಡವಿಟ್, ಬಾಡಿಗೆ ಕರಾರು, ಲಗ್ನಪತ್ರಿಕೆ, ಎಲ್ಲ ‘ನುಡಿ’ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಕೊಡುತ್ತಿದ್ದೆ. ಒಂದು ಡೆಸ್ಕ್‌ಟಾಪ್, ಒಂದು ಲೇಸರ್ ಪ್ರಿಂಟರ್, ಒಂದು 600 ವಿಎ ಯುಪಿಎಸ್. ಕರೆಂಟ್ ಹೋದರೂ ಗಿರಾಕಿ ವಾಪಸ್ ಹೋಗಬಾರದು ಅಂತ ಪ್ರಿಂಟರನ್ನೂ ಯುಪಿಎಸ್‌ಗೇ ಹಾಕಿದೆ. ಹಿಂದೆ ಒಂದು ಸಾಕೆಟ್ ಖಾಲಿ ಇತ್ತು, ಅಷ್ಟೇ ಯೋಚನೆ.

ಹಗಲಲ್ಲಿ ಏನೂ ತೊಂದರೆ ಇರಲಿಲ್ಲ. ಮದುವೆ ಸೀಸನ್ ಬಂತು, ಸಂಜೆ ಹೊತ್ತು ಕೆಲಸ ಜಾಸ್ತಿಯಾಯಿತು. ಪ್ರಿಂಟ್ ಕೊಟ್ಟೆ, ಟ್ಯೂಬ್‌ಲೈಟ್ ಒಮ್ಮೆ ಮಂಕಾಯಿತು, ಯುಪಿಎಸ್ ಉದ್ದಕ್ಕೆ ಕೂಗಿತು, ಸ್ಕ್ರೀನ್ ಕಪ್ಪು. ಮತ್ತೆ ಆನ್ ಮಾಡಿದೆ. ವಿಂಡೋಸ್ ಬಂತು, ನಾನು ಮೌಸ್ ಮುಟ್ಟುವ ಮೊದಲೇ ಪ್ರಿಂಟರ್ ಗರ್ರ್ ಅಂತ ತಿರುಗಿತು, ಮತ್ತೆ ಕಪ್ಪು. ಇದು ವೈರಸ್ಸೇ ಅಂದುಕೊಂಡೆ. ಯಾರೂ ಹೇಳದೆ ಪ್ರಿಂಟರ್ ತಾನೇ ಓಡುತ್ತದೆ ಅಂದರೆ ಇನ್ನೇನು?

ಫಾರ್ಮ್ಯಾಟ್ ಮಾಡಿಸಿದೆ. ಡೆಸ್ಕ್‌ಟಾಪ್ ಮೇಲಿದ್ದ ಗಿರಾಕಿಗಳ ಫೈಲೆಲ್ಲ ಹೋಯಿತು. ಪ್ರೂಫ್ ನೋಡಿ ಒಪ್ಪಿಗೆ ಕೊಟ್ಟಿದ್ದ ಲಗ್ನಪತ್ರಿಕೆಗಳನ್ನು ಮತ್ತೆ ಕೂತು ಟೈಪ್ ಮಾಡಿದೆ, ಒಂದರಲ್ಲಿ ವರನ ತಂದೆಯ ಹೆಸರು ತಪ್ಪಾಗಿ ಅಚ್ಚಾಗಿ ಬೈಸಿಕೊಂಡೆ. ಆದರೆ ಪ್ರಿಂಟರ್ ಸರಿಹೋಯಿತು! ನಾನು ಪೂರ್ತಿ ಮೋಸಹೋಗಿದ್ದು ಇಲ್ಲೇ. ಅರ್ಧದಲ್ಲಿ ನಿಂತ ಪ್ರಿಂಟನ್ನು ವಿಂಡೋಸ್ ಮರೆಯುವುದಿಲ್ಲ. ಅದು ಕ್ಯೂನಲ್ಲೇ ಉಳಿದಿರುತ್ತದೆ, ಕಂಪ್ಯೂಟರ್ ಆನ್ ಆದ ಕೂಡಲೇ ಮತ್ತೆ ಪ್ರಿಂಟರ್‌ಗೆ ಹೋಗುತ್ತದೆ. ಫಾರ್ಮ್ಯಾಟ್ ಮಾಡಿದಾಗ ಆ ಕ್ಯೂ ಅಳಿಸಿಹೋಯಿತು, ಅಷ್ಟೇ. ಫಾರ್ಮ್ಯಾಟ್ ಮಾಡಿದ ಹುಡುಗ ಟೆಸ್ಟ್ ಮಾಡಿದ್ದೂ ಮಧ್ಯಾಹ್ನ, ವೋಲ್ಟೇಜ್ ಚೆನ್ನಾಗಿದ್ದಾಗ. ಮುಂದೊಂದು ಸಂಜೆ ಮತ್ತೆ ಅದೇ ಕಥೆ. ಆಗ ಎಸ್‌ಎಂಪಿಎಸ್ ಹಾಕಿಸಿದೆ. ಆಮೇಲೆ ರ‍್ಯಾಮ್.

ಕೊನೆಗೆ ಯುಪಿಎಸ್ ಬ್ಯಾಟರಿ ಬದಲಿಸಲು ಬಂದವರು ಹಿಂದೆ ನೋಡಿ ನಕ್ಕರು. ‘ಏನ್ ಸಾರ್, ಇಸ್ತ್ರಿ ಪೆಟ್ಟಿಗೆ ತಂದು ಯುಪಿಎಸ್‌ಗೆ ಹಾಕಿದ್ದೀರಲ್ಲ?’

ಅವರು ಹೇಳಿದ್ದು ನಿಜ. ಟೋನರ್ ಅಂದರೆ ಪುಡಿ. ಅದನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಒಳಗೆ ಫ್ಯೂಸರ್ ಅಂತ ಒಂದು ಹೀಟರ್ ಇದೆ, ಹತ್ತಿರ ಹತ್ತಿರ 200 ಡಿಗ್ರಿಗೆ ಕಾಯಬೇಕು. ತಣ್ಣಗಿರುವ ಪ್ರಿಂಟರ್ ಎದ್ದು ಕಾಯುವ ಆ ಗಳಿಗೆಯಲ್ಲಿ ಚಿಕ್ಕ ಲೇಸರ್ ಕೂಡ ನೂರಾರು ವ್ಯಾಟ್ ಎಳೆಯುತ್ತದೆ. 600 ವಿಎ ಯುಪಿಎಸ್ ತಡೆಯುವುದು ಸಾಮಾನ್ಯವಾಗಿ 360 ವ್ಯಾಟ್, ಅದರಲ್ಲಿ ಕಂಪ್ಯೂಟರ್, ಮಾನಿಟರ್ ಆಗಲೇ ಪಾಲು ತಿಂದಿರುತ್ತವೆ. ಕರೆಂಟ್ ಇರುವಾಗ ಯುಪಿಎಸ್ ಮೇನ್ಸ್‌ನಿಂದಲೇ ದಾಟಿಸುವುದರಿಂದ ಹೇಗೋ ನಡೆಯುತ್ತದೆ. ಸಂಜೆ ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ಹೀಟರ್ ಎಳೆದಾಗ ಇನ್ನೂ ಕುಸಿಯುತ್ತದೆ. ಕರೆಂಟ್ ಹೋಯಿತು ಅಂತ ಯುಪಿಎಸ್ ಬ್ಯಾಟರಿಗೆ ಹಾರುತ್ತದೆ, ಆ ಭಾರವೆಲ್ಲ ಬ್ಯಾಟರಿ ಮೇಲೆ ಬೀಳುತ್ತದೆ, ಓವರ್‌ಲೋಡ್ ಆಗಿ ಕೈಬಿಡುತ್ತದೆ. ಜೊತೆಗೆ ಕಂಪ್ಯೂಟರೂ ಹೋಗುತ್ತದೆ.

ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಬಂದಿದೆ, ಅದಕ್ಕೇ ಎಸ್‌ಎಂಪಿಎಸ್ ಹೋಗಿದೆ ಅಂತ ಅಂಗಡಿಯವರು ಹೇಳಿದರು ಅಂದಿದ್ದೀರಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ ಅದು ಹೇಳುತ್ತದೆ. ನೀವೇ ಪ್ಲಗ್ ಕಿತ್ತರೂ ಅದೇ ಬರುತ್ತದೆ.

ಪ್ರಿಂಟರನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ. ಯುಪಿಎಸ್‌ಗೆ ಸಿಕ್ಕಿಸಿದ ಸ್ಪೈಕ್ ಬಸ್ಟರ್‌ಗೆ ಹಾಕಿದರೆ ಅದೂ ಯುಪಿಎಸ್‌ಗೆ ಹಾಕಿದ ಹಾಗೇ. ಸಾಕೆಟ್‌ಗೆ ಅರ್ಥಿಂಗ್ ಇರಲಿ. ಪ್ಲಗ್‌ನ ಮೂರನೇ ಪಿನ್ ಕತ್ತರಿಸಿ ತುರುಕುವವರನ್ನು ನೋಡಿದ್ದೇನೆ, ಆಮೇಲೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ದೂರುತ್ತಾರೆ. ದೊಡ್ಡ ಯುಪಿಎಸ್ ತಗೊಳ್ಳಿ ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ, ಹೀಟರ್‌ಗೋಸ್ಕರ ಬ್ಯಾಟರಿ ಸಾಕುವುದು ದಂಡ. ಕರೆಂಟ್ ಇಲ್ಲದಾಗಲೂ ಪ್ರಿಂಟ್ ಬೇಕೇ ಬೇಕು ಅಂದರೆ ಇಂಕ್ ಟ್ಯಾಂಕ್ ಪ್ರಿಂಟರ್ ಇಟ್ಟುಕೊಳ್ಳಿ, ಅದರಲ್ಲಿ ಫ್ಯೂಸರ್ ಇಲ್ಲ.

ಇನ್ನು ಕ್ಯೂನಲ್ಲಿ ಸಿಕ್ಕಿಕೊಂಡಿರುವ ಹಳೆಯ ಪ್ರಿಂಟನ್ನು ಅಳಿಸಬೇಕು. ಪ್ರಿಂಟರ್ ಆಫ್ ಇಟ್ಟು ಕಂಪ್ಯೂಟರ್ ಆನ್ ಮಾಡಿ. ವಿಂಡೋಸ್‌ನ ಸರ್ವೀಸಸ್‌ಗೆ ಹೋಗಿ, ಆ ಕ್ಯೂ ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಸ್ಟಾಪ್ ಮಾಡಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅಲ್ಲಿರುವ ಫೈಲ್‌ಗಳನ್ನು ಅಳಿಸಿ, ಫೋಲ್ಡರ್ ಹಾಗೇ ಇರಲಿ. ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡಿ.

ಇಷ್ಟಾದ ಮೇಲೂ ಆಫ್ ಆದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬಹುದು. ಆಗಲೂ ತಕ್ಷಣ ಕೊಳ್ಳಬೇಡಿ. ಅಂಗಡಿಯವರ ಹತ್ತಿರ ಇರುವ ಯಾವುದಾದರೂ ಎಸ್‌ಎಂಪಿಎಸ್ ಹಾಕಿಸಿ, ಎರಡು ದಿನ ಸಂಜೆ ಹೊತ್ತು ಓಡಿಸಿ ನೋಡಿ.