ಐಸೊಪಾಡ್ ಡಬ್ಬಿಯಲ್ಲಿ ಬಿಳಿ ನುಸಿ

ಪ್ರಶ್ನೆ: ತೆಂಗಿನ ನಾರಿನ ಪುಡಿ, ತರಗೆಲೆ ತುಂಬಿದ ಡಬ್ಬಿಯಲ್ಲಿ ಒಂದು ವರ್ಷದಿಂದ, ತೇವದ ಜಾಗದಲ್ಲಿ ಬಾಳುವ ಹದಿನಾಲ್ಕು ಕಾಲಿನ ಪುಟ್ಟ ಜೀವಿಗಳಾದ ಐಸೊಪಾಡ್‌ಗಳನ್ನು ಸಾಕುತ್ತಿದ್ದೇನೆ. ಹದಿನೈದು ದಿನಗಳಿಂದ, ಅವುಗಳಿಗೆ ಹಾಕುವ ಮೀನಿನ ಆಹಾರದ ಮೇಲೆ ಉಪ್ಪು ಉದುರಿಸಿದಂತೆ ಬಿಳಿಯ ಜೀವಿಗಳು ನಿಧಾನವಾಗಿ ಹರಿದಾಡುತ್ತಿವೆ. ಕೆಲವು ಐಸೊಪಾಡ್‌ಗಳ ಬೆನ್ನಿಗೂ ಕಂದು ಚುಕ್ಕೆಗಳು ಅಂಟಿಕೊಂಡಿವೆ. ಇವು ರಕ್ತ ಹೀರುವ ನುಸಿಗಳೇ? ಕೀಟನಾಶಕ ಸಿಂಪಡಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕೀಟನಾಶಕವನ್ನು ದಯವಿಟ್ಟು ಬಳಸಬೇಡಿ. ಐಸೊಪಾಡ್ ಕೀಟವಲ್ಲ, ಸೀಗಡಿ ಮತ್ತು ಏಡಿಗಳ ಬಳಗಕ್ಕೆ ಸೇರಿದ ಜೀವಿ. ಆದರೂ ನುಸಿಗೆ ಹಾಕಿದ ವಿಷಕ್ಕೆ ಅದೂ ಬಲಿಯಾಗಬಹುದು.

ಮೊದಲು ಭೂತಗನ್ನಡಿ ಹಿಡಿದು ನೋಡಿ. ಮುಟ್ಟಿದೊಡನೆ ಚಂಗನೆ ನೆಗೆದರೆ ಅದು ಆರು ಕಾಲಿನ ಸ್ಪ್ರಿಂಗ್‌ಟೇಲ್. ಬೂಸ್ಟು ತಿನ್ನುವ ಉಪಕಾರಿ. ಮೀಸೆಯಂಥ ಕುಡಿಗಳಿದ್ದು, ಮೈ ಪಟ್ಟೆಪಟ್ಟೆಯಾಗಿದ್ದರೆ ಅದು ನಿಮ್ಮ ಐಸೊಪಾಡ್‌ಗಳ ಮರಿಯೇ ಇರಬಹುದು. ಹುಟ್ಟಿದ ಮರಿಗಳು ಬೆಳ್ಳಗಿದ್ದು, ಆಗ ಅವಕ್ಕೆ ಆರೇ ಜೊತೆ ಕಾಲುಗಳಿರುತ್ತವೆ, ಏಳನೆಯ ಜೊತೆ ಆಮೇಲೆ ಮೂಡುತ್ತದೆ. ಕುಡಿಗಳಿಲ್ಲದೆ, ಎಂಟು ಕಾಲುಗಳಿದ್ದು, ಗುಂಡಗೆ ಮಿರುಗುತ್ತಿದ್ದರೆ ಮಾತ್ರ ನುಸಿ.

ನಿಮ್ಮ ವಿವರಣೆಗೆ ಹೊಂದುವುದು ಹಳೆಯ ಹಿಟ್ಟು, ಧಾನ್ಯಗಳಲ್ಲಿ ಕಾಣುವ ನುಸಿಯ ಬಳಗ. ಸುಮಾರು ಅರ್ಧ ಮಿಲಿಮೀಟರ್ ಉದ್ದದ ಇವು ಬೂಸ್ಟನ್ನೂ ಉಳಿದ ಆಹಾರವನ್ನೂ ತಿನ್ನುತ್ತವೆಯೇ ಹೊರತು ರಕ್ತ ಹೀರುವುದಿಲ್ಲ. ನಿಖರವಾದ ಪ್ರಭೇದವನ್ನು ಹೇಳಲು ಸೂಕ್ಷ್ಮದರ್ಶಕವೇ ಬೇಕು. ಮಣ್ಣಿನ ಮೇಲೆ ಒಂಟಿಯಾಗಿ, ಚುರುಕಾಗಿ ಓಡುವ ಕಂದು ನುಸಿ ಕಂಡರೆ ಅದು ಬಹುಮಟ್ಟಿಗೆ ಬೇಟೆಗಾರ; ಅದನ್ನು ಅದರ ಪಾಡಿಗೆ ಬಿಡಿ.

ಬೆನ್ನಿನ ಕಂದು ಚುಕ್ಕೆಗಳು ಹೆಚ್ಚಾಗಿ ಅದೇ ಬಿಳಿ ನುಸಿಯ ಒಂದು ಹಂತ. ಇರುವ ಜಾಗ ಹದಗೆಟ್ಟಾಗ ಕೆಲವು ನುಸಿಗಳು ಬಾಯಿ ಬೆಳೆಯದ, ಏನನ್ನೂ ತಿನ್ನದ ರೂಪ ತಾಳಿ, ಹೊಟ್ಟೆಯಡಿಯ ಹೀರುಬಟ್ಟಲುಗಳಿಂದ ದೊಡ್ಡ ಪ್ರಾಣಿಯ ಮೈಗೆ ಅಂಟಿಕೊಂಡು ಬೇರೆಡೆಗೆ ಸಾಗುತ್ತವೆ, ಟಿಕೆಟ್ಟಿಲ್ಲದ ಪ್ರಯಾಣಿಕರೆನ್ನಿ. ಐಸೊಪಾಡ್ ಮೊದಲು ಹಿಂಭಾಗದ, ಕೆಲವು ದಿನಗಳ ಬಳಿಕ ಮುಂಭಾಗದ ಪೊರೆ ಕಳಚುವುದರಿಂದ, ಹಿಂದಿನ ಚುಕ್ಕೆಗಳು ಮಾಯವಾಗಿ ಮುಂದಿನವು ಉಳಿದರೆ ಗಾಬರಿಯಾಗಬೇಡಿ.

ಮೀನಿನ ಆಹಾರವನ್ನು ಸದ್ಯಕ್ಕೆ ನಿಲ್ಲಿಸಿ, ಉಳಿದದ್ದನ್ನು ತೆಗೆಯಿರಿ. ರಾತ್ರಿ ಸೌತೆಕಾಯಿಯ ಬಿಲ್ಲೆಯೊಂದನ್ನು ಇಟ್ಟು, ಬೆಳಿಗ್ಗೆ ಐಸೊಪಾಡ್‌ಗಳನ್ನು ಮೆಲ್ಲನೆ ಕೊಡವಿ, ನುಸಿ ಮುತ್ತಿದ ಬಿಲ್ಲೆಯನ್ನು ಕುದಿನೀರಿಗೆ ಹಾಕಿ. ಕೆಲವು ದಿನ ಹೀಗೇ ಮಾಡಿ. ಮುಚ್ಚಳದಲ್ಲಿ ಗಾಳಿಗೆ ಇನ್ನಷ್ಟು ರಂಧ್ರಗಳಿರಲಿ. ಆದರೆ ಐಸೊಪಾಡ್‌ಗಳ ಉಸಿರಾಟಕ್ಕೆ ತೇವ ಬೇಕೇ ಬೇಕಾದ್ದರಿಂದ ಡಬ್ಬಿಯನ್ನು ಪೂರ್ತಿ ಒಣಗಿಸದೆ, ಒಂದು ಬದಿಯನ್ನು ಮಾತ್ರ ಒದ್ದೆಯಾಗಿಡಿ. ಮೀನಿನ ಆಹಾರವನ್ನು ಮತ್ತೆ ಶುರುಮಾಡುವಾಗ, ಒಂದೇ ರಾತ್ರಿಯಲ್ಲಿ ಖಾಲಿಯಾಗುವಷ್ಟನ್ನು ಮಾತ್ರ ಹಾಕಿ.